ಕಾರ್ಬನ್ ಕ್ಯಾಪ್ಚರ್: ಯಾವ ಚಿಮಣಿಗೆ ಹೊಂದೀತು, ಯಾವುದಕ್ಕೆ ದಂಡ?

ಸೇಡಂನಲ್ಲೋ ವಾಡಿಯಲ್ಲೋ ಇರುವ ಒಂದು ಸಿಮೆಂಟ್ ಕಾರ್ಖಾನೆಗೆ ನಾಳೆಯಿಂದ ಕಲ್ಲಿದ್ದಲೇ ಬೇಡ, ಸುಣ್ಣದಕಲ್ಲು ಸುಡುವ ಕುಲುಮೆ, ಅಂದರೆ ಕಿಲ್ನ್, ಪೂರ್ತಿ ಸೌರ ವಿದ್ಯುತ್ತಿನಲ್ಲೇ ಕಾಯುತ್ತದೆ ಎಂದು ಇಟ್ಟುಕೊಳ್ಳಿ. ಆಗಲೂ ಅದು ಇವತ್ತು ಬಿಡುತ್ತಿರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 60ರಷ್ಟು ಹಾಗೆಯೇ ಬರುತ್ತಿರುತ್ತದೆ. ಆ ಪಾಲು ಇಂಧನದ್ದೇ ಅಲ್ಲ, ಸುಣ್ಣದಕಲ್ಲಿನದು. ನೂರು ಕಿಲೋ ಶುದ್ಧ ಸುಣ್ಣದಕಲ್ಲನ್ನು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಯಾವ ಬೆಂಕಿಯಲ್ಲಿ ಸುಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ.

ಕಲ್ಲಿದ್ದಲು ವಿದ್ಯುತ್ ಸ್ಥಾವರದ ವಿಷಯ ಬೇರೆ. ಅಲ್ಲಿ ಬರುವುದೆಲ್ಲ ಇಂಧನದ ಹೊಗೆ. ಅದೇ ಯೂನಿಟ್ಟನ್ನು ಪಾವಗಡದ ಸೌರ ಫಲಕವೋ ಗದಗದ ಗಾಳಿಯಂತ್ರವೋ ಕೊಟ್ಟರೆ ಹಿಡಿಯಬೇಕಾದ ಹೊಗೆಯೇ ಇರುವುದಿಲ್ಲ. ಕಾರ್ಬನ್ ಕ್ಯಾಪ್ಚರ್, ಅಂದರೆ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡದೆ ಹಿಡಿಯುವುದರ ಕುರಿತ ವಾದವಿವಾದ ಗೋಜಲಾಗುವುದು ಈ ಎರಡೂ ಚಿಮಣಿಗಳನ್ನು ಒಂದೇ ತಕ್ಕಡಿಗೆ ಹಾಕುವುದರಿಂದ. ತಂತ್ರಜ್ಞಾನ ನಡೆಯುತ್ತದೆಯೇ ಎಂದು ಕೇಳಿದರೆ, ನಡೆಯುತ್ತದೆ. ನಾರ್ವೆಯ ಸಮುದ್ರದಲ್ಲಿ 1996ರಿಂದ ನಡೆಯುತ್ತಿದೆ. ಯಾವ ಚಿಮಣಿಗೆ, ಯಾವ ಶಾಖದ ಬಲದಲ್ಲಿ, ಎಷ್ಟು ಕಾಲಕ್ಕೆ ಎಂದು ಬಿಡಿಸಿ ಕೇಳಿದಾಗ ಮಾತ್ರ ಉತ್ತರಗಳು ಬೇರೆಬೇರೆಯಾಗುತ್ತವೆ.

ಸಿಸಿಯುಎಸ್ (ಕಾರ್ಬನ್ ಕ್ಯಾಪ್ಚರ್, ಯುಟಿಲೈಸೇಶನ್ ಆ್ಯಂಡ್ ಸ್ಟೋರೇಜ್) ಎಂಬ ಒಂದೇ ಹೆಸರಿನಡಿ ನಾಲ್ಕು ಕೆಲಸಗಳಿವೆ: ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಬೇರ್ಪಡಿಸುವುದು, ಒತ್ತಿ ಸಾಗಿಸುವುದು, ಏನಾದರೂ ತಯಾರಿಕೆಗೆ ಬಳಸುವುದು, ಇಲ್ಲವೇ ನೆಲದಾಳದಲ್ಲಿ ಕಾಯಂ ಆಗಿ ಇಡುವುದು. ಖರ್ಚಿನ ಬಹುಪಾಲು ಮೊದಲನೆಯದಕ್ಕೆ. ಅಪಾಯದ ಮಾತೆಲ್ಲ ಎರಡನೆಯದು ಮತ್ತು ನಾಲ್ಕನೆಯದಕ್ಕೆ. ಜಾಹೀರಾತೆಲ್ಲ ಮೂರನೆಯದಕ್ಕೆ.

ಹಿಡಿಯುವ ಕೆಲಸ

ಮೊದಲು ನೋಡಬೇಕಾದದ್ದು ಅನಿಲದ ಸಾಂದ್ರತೆ. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 12ರಿಂದ 15ರಷ್ಟು; ಉಳಿದದ್ದು ಹೆಚ್ಚಾಗಿ ಸಾರಜನಕ. ಗ್ಯಾಸ್ ಟರ್ಬೈನ್ ಹೊಗೆಯಲ್ಲಿ ಶೇ 4ರ ಆಸುಪಾಸು. ಸಿಮೆಂಟ್ ಕಿಲ್ನ್‌ನಲ್ಲಿ ಶೇ 15ರಿಂದ 30ರವರೆಗೆ. ಬರಿಯ ಗಾಳಿಯಲ್ಲಿ ಶೇ 0.042. ಇನ್ನೊಂದು ತುದಿಯಲ್ಲಿ ಎಥೆನಾಲ್ ಡಿಸ್ಟಿಲರಿಯ ಹುದುಗುವ ತೊಟ್ಟಿ ಇದೆ. ಅದರ ಮೇಲಿಂದ ಬರುವುದು ನೀರಾವಿ ಬಿಟ್ಟರೆ ಬಹುತೇಕ ಶುದ್ಧ ಇಂಗಾಲದ ಡೈಆಕ್ಸೈಡ್. ಒಂದು ಟನ್ ಎಥೆನಾಲ್‌ಗೆ ಹೆಚ್ಚುಕಡಿಮೆ ಒಂದು ಟನ್. ಬೇರ್ಪಡಿಸುವ ಖರ್ಚೇ ಇಲ್ಲದ ಈ ಮೂಲ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಪಕ್ಕದಲ್ಲೇ ಇದೆ ಎನ್ನುವುದನ್ನು ಈ ಚರ್ಚೆಯಲ್ಲಿ ಯಾಕೋ ಯಾರೂ ಎತ್ತುವುದಿಲ್ಲ.

ಹೊಗೆಯಿಂದ ಬೇರ್ಪಡಿಸಲು ದೊಡ್ಡ ಪ್ರಮಾಣದಲ್ಲಿ ಪಳಗಿದ ವಿಧಾನ ಅಮೈನ್ ಎಂಬ ಸಾರಜನಕಯುಕ್ತ ಸಾವಯವ ರಾಸಾಯನಿಕದ ದ್ರಾವಣದ್ದು. ನೈಸರ್ಗಿಕ ಅನಿಲ ಶುದ್ಧಿ ಮಾಡುವವರು ಇದನ್ನು 1930ರ ದಶಕದಿಂದ ಬಲ್ಲರು. ಚಿಮಣಿಗೆ ಹೋಗಬೇಕಾದ ಹೊಗೆಯನ್ನು ಬ್ಲೋವರ್ ಹಾಕಿ ಸೆಳೆದು, ನೀರು ಚಿಮುಕಿಸುವ ಗೋಪುರದಲ್ಲಿ 40 ಡಿಗ್ರಿಯವರೆಗೆ ತಣಿಸುತ್ತಾರೆ. ಆಮೇಲೆ ಅದು ಅಬ್ಸಾರ್ಬರ್ ಎಂಬ ಎತ್ತರದ ಗೋಪುರದ ಬುಡಕ್ಕೆ ಹೋಗುತ್ತದೆ. ಒಳಗೆ ಮಡಿಕೆಮಡಿಕೆಯಾದ ಉಕ್ಕಿನ ತೆಳು ಹಾಳೆಗಳ ಪ್ಯಾಕಿಂಗ್ ತುಂಬಿರುತ್ತದೆ. ಮೇಲಿಂದ ಇಂಥ ಒಂದು ಅಮೈನ್ ಆದ ಮಾನೋಇಥನಾಲಮೈನ್‌ನ ಶೇ 30ರ ದ್ರಾವಣ ಇಳಿಯುತ್ತದೆ, ಕೆಳಗಿನಿಂದ ಹೊಗೆ ಏರುತ್ತದೆ. ಹಾಳೆಗಳ ಮೇಲೆ ಎರಡೂ ಮುಖಾಮುಖಿಯಾದಾಗ ಇಂಗಾಲದ ಡೈಆಕ್ಸೈಡ್ ಅಮೈನ್‌ಗೆ ಅಂಟಿಕೊಳ್ಳುತ್ತದೆ, ಸಾರಜನಕ ಹಾಗೇ ಮೇಲೆ ಹೋಗುತ್ತದೆ. ಹೊಗೆಯಲ್ಲಿದ್ದದ್ದರಲ್ಲಿ ಶೇ 90ರಷ್ಟು ಹಿಡಿಯುವಂತೆ ಗೋಪುರದ ಅಳತೆ ಲೆಕ್ಕ ಹಾಕಿರುತ್ತಾರೆ.

ಹಿಡಿದದ್ದನ್ನು ಬಿಡಿಸಬೇಕಲ್ಲ, ಕಷ್ಟ ಇರುವುದು ಅಲ್ಲಿ. ಅನಿಲ ತುಂಬಿಕೊಂಡ ದ್ರಾವಣವನ್ನು ಸ್ಟ್ರಿಪ್ಪರ್ ಎಂಬ ಎರಡನೇ ಗೋಪುರಕ್ಕೆ ಪಂಪ್ ಮಾಡಿ 120 ಡಿಗ್ರಿಯವರೆಗೆ ಕಾಯಿಸುತ್ತಾರೆ. ಆ ಶಾಖಕ್ಕೆ ಅಂಟು ಬಿಟ್ಟು ಇಂಗಾಲದ ಡೈಆಕ್ಸೈಡ್ ಮೇಲೆದ್ದು ಬರುತ್ತದೆ. ಜೊತೆಗಿರುವ ನೀರಾವಿಯನ್ನು ತಣಿಸಿ ತೆಗೆದರೆ ಶೇ 99ಕ್ಕೂ ಶುದ್ಧ. ಖಾಲಿಯಾದ ದ್ರಾವಣ ತಣ್ಣಗಾಗಿ ಮತ್ತೆ ಅಬ್ಸಾರ್ಬರ್‌ಗೆ. ಶಾಖ ಇನ್ನೂ ಏರಿಸಿದರೆ ಬೇಗ ಬಿಡಬಹುದಿತ್ತು, ಆದರೆ 125 ಡಿಗ್ರಿ ದಾಟಿದರೆ ಅಮೈನ್ ಕೆಡುವ ವೇಗ ಹೆಚ್ಚುತ್ತದೆ. ಮಾನೋಇಥನಾಲಮೈನ್‌ಗೆ ಒಂದು ಟನ್ ಬಿಡಿಸಲು 3.5ರಿಂದ 4 ಗಿಗಾಜೂಲ್ ಶಾಖ ಬೇಕು. ಹೊಸ ಮಿಶ್ರಣಗಳು ಇದನ್ನು 2.5ರಿಂದ 3ಕ್ಕೆ ಇಳಿಸಿವೆ. ಶಾಖ ಸೊನ್ನೆಗೆ ಇಳಿಯುವ ದ್ರಾವಣ ಯಾವತ್ತೂ ಬರುವುದಿಲ್ಲ. ಬೆರೆತದ್ದನ್ನು ಬೇರ್ಪಡಿಸಲು ಶಕ್ತಿ ಕೊಡಲೇಬೇಕು.

ಇದು ಎಷ್ಟು ದುಬಾರಿ ಎಂದು ತಿಳಿಯಲು ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲಿರುವಂಥ 210 ಮೆಗಾವ್ಯಾಟ್‌ನ ಒಂದು ಘಟಕಕ್ಕೆ ಇದನ್ನು ಜೋಡಿಸಿದಂತೆ ಲೆಕ್ಕ ಹಾಕೋಣ. ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಗಂಟೆಗೆ ಸುಮಾರು 200 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಶೇ 90 ಎಂದರೆ 180 ಟನ್. ಟನ್ನಿಗೆ 3.5 ಗಿಗಾಜೂಲ್‌ನಂತೆ 175 ಮೆಗಾವ್ಯಾಟ್ ಶಾಖ ಬೇಕು. ಅದನ್ನು ಟರ್ಬೈನ್‌ನಿಂದ ಕಡಿಮೆ ಒತ್ತಡದ ಹಬೆಯಾಗಿ ಕದ್ದರೆ ವಿದ್ಯುತ್ ಉತ್ಪಾದನೆ 38 ಮೆಗಾವ್ಯಾಟ್‌ನಷ್ಟು ಬೀಳುತ್ತದೆ. ಹಿಡಿದ ಅನಿಲವನ್ನು ಪೈಪಿಗೆ ಒತ್ತಲು ಟನ್ನಿಗೆ ಸುಮಾರು 100 ಯೂನಿಟ್. ಅಲ್ಲಿಗೆ ಇನ್ನು 18 ಮೆಗಾವ್ಯಾಟ್. ಬ್ಲೋವರ್, ಪಂಪುಗಳಿಗೆ ನಾಲ್ಕೈದು. ಒಟ್ಟು 60. 210ರ ಘಟಕ 150ಕ್ಕೆ ಇಳಿಯಿತು, ಕಲ್ಲಿದ್ದಲು ಮಾತ್ರ ಅಷ್ಟೇ ಉರಿಯಿತು. ಕಳೆದುಹೋದ 60 ಮೆಗಾವ್ಯಾಟ್ಟನ್ನು ಇನ್ನೊಂದು ಕಲ್ಲಿದ್ದಲು ಘಟಕದಿಂದ ತುಂಬಿಸಿಕೊಂಡರೆ ಹಿಡಿದದ್ದರಲ್ಲಿ ಒಂದು ಪಾಲು ಅಲ್ಲಿ ಹೊರಬಿತ್ತು. ‘ಹಿಡಿದ’ ಟನ್ನಿಗೂ ‘ತಪ್ಪಿಸಿದ’ ಟನ್ನಿಗೂ ಇರುವ ವ್ಯತ್ಯಾಸ ಇದೇ. ಯಾವುದೇ ಯೋಜನೆಯ ಪತ್ರಿಕಾ ಪ್ರಕಟಣೆಯಲ್ಲಿ ಕಾಣುವ ಅಂಕಿ ಹೆಚ್ಚಾಗಿ ಮೊದಲನೆಯದು.

ಅಮೆರಿಕದ ಟೆಕ್ಸಾಸ್‌ನಲ್ಲಿ 2017ರಲ್ಲಿ ಶುರುವಾದ ಪೆಟ್ರಾ ನೋವಾ ಈ ನಷ್ಟ ತಪ್ಪಿಸಲು ಬೇರೆ ದಾರಿ ಹಿಡಿಯಿತು. ಕಲ್ಲಿದ್ದಲು ಘಟಕದ ಹಬೆಯನ್ನು ಮುಟ್ಟದೆ, ಪಕ್ಕದಲ್ಲೇ ಒಂದು ಪ್ರತ್ಯೇಕ ಗ್ಯಾಸ್ ಸ್ಥಾವರ ಕಟ್ಟಿ ಶಾಖ, ವಿದ್ಯುತ್ ಎರಡನ್ನೂ ಅಲ್ಲಿಂದ ಪಡೆಯಿತು. ಯಂತ್ರದ ದೃಷ್ಟಿಯಿಂದ ಚೊಕ್ಕ ಕೆಲಸ. ಆ ಗ್ಯಾಸ್ ಸ್ಥಾವರದ ಹೊಗೆಯನ್ನು ಮಾತ್ರ ಯಾರೂ ಹಿಡಿಯಲಿಲ್ಲ.

ದ್ರಾವಣ ಕೆಡುವುದು ಹೇಗೆ

ಪ್ರಯೋಗಾಲಯದಲ್ಲಿ ಅಂದವಾಗಿ ನಡೆದದ್ದು ಚಿಮಣಿಯ ಬುಡದಲ್ಲಿ ಎಡವುವುದು ಹೊಗೆಯಲ್ಲಿರುವ ‘ಉಳಿದ’ ವಸ್ತುಗಳಿಂದ. ಗಂಧಕದ ಡೈಆಕ್ಸೈಡ್ ಅಮೈನ್ ಜೊತೆ ಸೇರಿದರೆ ಎಷ್ಟು ಕಾಯಿಸಿದರೂ ಬಿಡದ ಲವಣವಾಗುತ್ತದೆ. ಅಷ್ಟು ಅಮೈನ್ ಕೆಲಸಕ್ಕೆ ಬಾರದಂತಾಯಿತು. ಆದ್ದರಿಂದ ಅಬ್ಸಾರ್ಬರ್ ಬಾಗಿಲಲ್ಲಿ ಗಂಧಕದ ಡೈಆಕ್ಸೈಡ್ ದಶಲಕ್ಷಕ್ಕೆ ಹತ್ತು ಭಾಗಕ್ಕಿಂತ ಕಡಿಮೆ ಇರಬೇಕು ಎನ್ನುತ್ತಾರೆ. ಆಮ್ಲಜನಕ ನಿಧಾನವಾಗಿ ಅಮೈನನ್ನು ಒಡೆದು ಅಮೋನಿಯಾ, ಸಾವಯವ ಆಮ್ಲಗಳನ್ನು ಮಾಡುತ್ತದೆ. ಆ ಆಮ್ಲಗಳು ಉಕ್ಕನ್ನು ತಿನ್ನುತ್ತವೆ. ಕರಗಿದ ಕಬ್ಬಿಣ ಮತ್ತೆ ಅಮೈನ್ ಒಡೆಯುವುದನ್ನು ಚುರುಕುಗೊಳಿಸುತ್ತದೆ. ಹಾರುಬೂದಿ ನುಸುಳಿದರೆ ದ್ರಾವಣ ನೊರೆಯೇಳುತ್ತದೆ, ಪ್ಯಾಕಿಂಗ್ ಕಟ್ಟಿಕೊಳ್ಳುತ್ತದೆ, ಶಾಖ ವಿನಿಮಯಕದ ತೆಳು ಸಂದುಗಳು ಮುಚ್ಚುತ್ತವೆ. ನೊರೆ ಕಂಡಾಗ ನೊರೆನಿವಾರಕ ಸುರಿಯುವುದು ತಾತ್ಕಾಲಿಕ ಉಪಾಯ. ಬೂದಿ ಬರುವ ದಾರಿ ಮುಚ್ಚದಿದ್ದರೆ ಸ್ಥಾವರ ಮತ್ತೆ ಮತ್ತೆ ನಿಲ್ಲುತ್ತದೆ.

ಕೆನಡಾದ ಸಸ್ಕ್ಯಾಚುವಾನ್ ಪ್ರಾಂತದ ಬೌಂಡರಿ ಡ್ಯಾಮ್ ಮೂರನೇ ಘಟಕ ಇದೆಲ್ಲವನ್ನೂ ಅನುಭವಿಸಿತು. 2014ರ ಅಕ್ಟೋಬರ್‌ನಲ್ಲಿ ಶುರುವಾದ ಇದು ಕಲ್ಲಿದ್ದಲು ವಿದ್ಯುತ್ತಿಗೆ ಜೋಡಿಸಿದ ಜಗತ್ತಿನ ಮೊದಲ ದೊಡ್ಡ ಕ್ಯಾಪ್ಚರ್ ಘಟಕ. ವರ್ಷಕ್ಕೆ 10 ಲಕ್ಷ ಟನ್ ಹಿಡಿಯಬೇಕಿತ್ತು. ಬೂದಿ ಕಟ್ಟಿಕೊಳ್ಳುವುದು, ಅಮೈನ್ ಕೆಡುವುದು, ಕಂಪ್ರೆಸರ್ ತೊಂದರೆ ಎಲ್ಲ ಸೇರಿ, ಒಟ್ಟು 50 ಲಕ್ಷ ಟನ್ ದಾಟುವ ಹೊತ್ತಿಗೆ 2023 ಬಂದಿತ್ತು. ಹಿಡಿಯಲು ಆಗದು ಎಂದು ಇದರ ಅರ್ಥವಲ್ಲ. ವರ್ಷವಿಡೀ ಶೇ 90 ಎನ್ನುವ ಮಾತಿಗೂ, ಯಂತ್ರ ಸರಿಯಾಗಿ ಓಡುವಾಗ ಶೇ 90 ಎನ್ನುವ ಮಾತಿಗೂ ಇರುವ ಅಂತರವನ್ನು ಇದು ತೋರಿಸುತ್ತದೆ.

ಭಾರತದ ಮಟ್ಟಿಗೆ ಇಲ್ಲೊಂದು ಮೂಲಭೂತ ಅಡ್ಡಿ ಇದೆ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎನ್ನುವುದು ನಿಜ. ಆದರೂ ಹೊಗೆಯಲ್ಲಿ ಅದರ ಡೈಆಕ್ಸೈಡ್ ದಶಲಕ್ಷಕ್ಕೆ ನೂರಾರು ಭಾಗ ಇರುತ್ತದೆ. ಅದನ್ನು ತೆಗೆಯುವ ಎಫ್‌ಜಿಡಿ ಘಟಕಗಳನ್ನು ಅಳವಡಿಸಬೇಕೆಂದು 2015ರಲ್ಲಿ ನಿಯಮ ಬಂತು, ಗಡುವು ಮುಂದೂಡುತ್ತಾ ಹೋಯಿತು, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಎಫ್‌ಜಿಡಿ ಇಲ್ಲದ ಚಿಮಣಿಗೆ ಅಮೈನ್ ಕ್ಯಾಪ್ಚರ್ ಜೋಡಿಸುವುದು ಬುಡವಿಲ್ಲದೆ ಮಹಡಿ ಕಟ್ಟಿದ ಹಾಗೆ. ಕಲ್ಲಿದ್ದಲು ಸ್ಥಾವರಗಳ ಪಟ್ಟಿ ಹಿಡಿದು ‘ಇಷ್ಟು ಕೋಟಿ ಟನ್ ಹಿಡಿಯಬಹುದು’ ಎನ್ನುವ ನಕ್ಷೆಗಳಲ್ಲಿ ಈ ಖರ್ಚು ಸೇರಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಅಮೈನ್ ಬಿಟ್ಟು ಬೇರೆ ದಾರಿಗಳೂ ಇವೆ. ಗಾಳಿಯ ಬದಲು ಶುದ್ಧ ಆಮ್ಲಜನಕದಲ್ಲಿ ಇಂಧನ ಉರಿಸಿದರೆ ಹೊಗೆಯಲ್ಲಿ ಸಾರಜನಕವೇ ಇರುವುದಿಲ್ಲ, ನೀರಾವಿ ತಣಿಸಿದರೆ ಉಳಿಯುವುದು ಬಹುತೇಕ ಇಂಗಾಲದ ಡೈಆಕ್ಸೈಡ್. ಆದರೆ ಆಮ್ಲಜನಕ ತಯಾರಿಸಲು ವಿದ್ಯುತ್ ಸುರಿಯಬೇಕು, ಹಳೆಯ ಕಿಲ್ನ್‌ನ ಸಂದುಗೊಂದುಗಳಿಂದ ಗಾಳಿ ನುಗ್ಗದಂತೆ ನೋಡಿಕೊಳ್ಳಬೇಕು. ಪೊರೆಗಳಿಂದ ಸೋಸುವುದು, ಸುಣ್ಣದ ಚಕ್ರ, ಘನ ಹೀರುಕಗಳು ಇನ್ನೂ ಸಣ್ಣ ಪ್ರಮಾಣದಲ್ಲಿವೆ.

ಬ್ರೆವಿಕ್‌ನಲ್ಲಿ ಮಾಡಿದ ಜಾಣತನ

ಈಗ ಸಿಮೆಂಟ್‌ಗೆ ಬರೋಣ. ನಾರ್ವೆಯ ಬ್ರೆವಿಕ್ ಎಂಬ ಊರಿನ ಸಿಮೆಂಟ್ ಕಾರ್ಖಾನೆಯಲ್ಲಿ 2025ರ ಜೂನ್‌ನಲ್ಲಿ ಕ್ಯಾಪ್ಚರ್ ಘಟಕ ಉದ್ಘಾಟನೆಯಾಯಿತು. ಸಾಮರ್ಥ್ಯ ವರ್ಷಕ್ಕೆ 4 ಲಕ್ಷ ಟನ್, ಅಂದರೆ ಕಾರ್ಖಾನೆ ಬಿಡುವುದರ ಅರ್ಧ. ಇನ್ನರ್ಧ ಯಾಕೆ ಬಿಟ್ಟರು? ಕಿಲ್ನ್ ಮತ್ತು ಕೂಲರ್‌ನಿಂದ ಪೋಲಾಗುತ್ತಿದ್ದ ಶಾಖವನ್ನು ಒಟ್ಟುಮಾಡಿದರೆ ಅಮೈನ್ ಕಾಯಿಸಲು ಸಾಲುವುದು ಅಷ್ಟಕ್ಕೇ. ಪೂರ್ತಿ ಹಿಡಿಯಬೇಕಾದರೆ ಶಾಖಕ್ಕಾಗಿ ಹೊಸದಾಗಿ ಇಂಧನ ಉರಿಸಬೇಕಿತ್ತು. ‘ಅರ್ಧ ಮಾತ್ರವೇ?’ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಕಣ್ಣಿಗೆ ಇದೇ ಈವರೆಗಿನ ಅತ್ಯಂತ ಪ್ರಾಮಾಣಿಕ ವಿನ್ಯಾಸ. ಶಾಖ ಎಲ್ಲಿಂದ ಎಂದು ಮೊದಲು ಕೇಳಿ, ಉತ್ತರ ಸಿಕ್ಕಷ್ಟಕ್ಕೆ ಗೋಪುರ ಕಟ್ಟಿದ್ದಾರೆ.

ಅಲ್ಲಿ ಹಿಡಿದ ಅನಿಲವನ್ನು ಸುಮಾರು 15 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ), ಸೊನ್ನೆಗಿಂತ 26 ಡಿಗ್ರಿ ಕೆಳಗೆ ದ್ರವವಾಗಿಸಿ ಹಡಗಿಗೆ ತುಂಬುತ್ತಾರೆ. ಹಡಗು ನಾರ್ವೆಯ ಪಶ್ಚಿಮ ತೀರದ ಓಯ್‌ಗಾರ್ಡನ್‌ಗೆ ಹೋಗುತ್ತದೆ. ಅಲ್ಲಿಂದ ಸುಮಾರು 100 ಕಿ.ಮೀ. ಪೈಪ್‌ನಲ್ಲಿ ಸಮುದ್ರದೊಳಕ್ಕೆ, ಕೊನೆಗೆ ಸಮುದ್ರತಳದಿಂದ 2,600 ಮೀಟರ್ ಕೆಳಗಿನ ಮರಳುಗಲ್ಲಿಗೆ. ನಾರ್ದರ್ನ್ ಲೈಟ್ಸ್ ಎಂಬ ಈ ಸಂಗ್ರಹ ಯೋಜನೆಯಲ್ಲಿ 2025ರ ಆಗಸ್ಟ್‌ನಲ್ಲಿ ಮೊದಲ ಅನಿಲ ನೆಲದೊಳಗೆ ಇಳಿಯಿತು. ಕ್ಯಾಪ್ಚರ್ ಘಟಕ, ಹಡಗು, ಬಾವಿ ಮೂರೂ ಒಟ್ಟಿಗೇ ತಯಾರಾಗಬೇಕು, ಇಲ್ಲದಿದ್ದರೆ ಒಂದಕ್ಕಾಗಿ ಇನ್ನೆರಡು ಕಾಯುತ್ತ ಕೂರಬೇಕು. ನಾರ್ವೆ ಸರ್ಕಾರ ಖರ್ಚಿನ ದೊಡ್ಡ ಪಾಲು ಹೊತ್ತಿತು, ಆದ್ದರಿಂದ ಈ ಮೂರೂ ಒಂದುಗೂಡಿದವು.

ಒಣಗಿಸು, ಒತ್ತು, ಕಳಿಸು

ಸಾಗಣೆಯಲ್ಲಿ ಮೊದಲ ಶತ್ರು ನೀರು. ಒದ್ದೆ ಇಂಗಾಲದ ಡೈಆಕ್ಸೈಡ್ ಎಂದರೆ ಕಾರ್ಬಾನಿಕ್ ಆಮ್ಲ. ಸಾಮಾನ್ಯ ಉಕ್ಕಿನ ಪೈಪನ್ನು ಅದು ಒಳಗಿನಿಂದ ತಿಂದುಹಾಕುತ್ತದೆ. ಹಾಗಾಗಿ ಹಂತಹಂತವಾಗಿ ಒತ್ತುವಾಗಲೇ ನಡುವೆ ತಣಿಸಿ ನೀರು ಬಸಿದು, ಆಮೇಲೆ ಗ್ಲೈಕಾಲ್ ಅಥವಾ ಜರಡಿಯಂಥ ಹೀರುಕಗಳಿಂದ ಪೂರ್ತಿ ಒಣಗಿಸುತ್ತಾರೆ. ನಾರ್ದರ್ನ್ ಲೈಟ್ಸ್ ಒಪ್ಪುವುದು ದಶಲಕ್ಷಕ್ಕೆ 30 ಭಾಗ ನೀರು ಮಾತ್ರ. ಗಂಧಕ, ಸಾರಜನಕದ ಆಕ್ಸೈಡ್‌ಗಳು ಅಲ್ಪಸ್ವಲ್ಪ ಉಳಿದರೂ ಅವು ಪೈಪಿನೊಳಗೆ ಪರಸ್ಪರ ಸೇರಿ ಗಂಧಕಾಮ್ಲ, ನೈಟ್ರಿಕ್ ಆಮ್ಲ ಆಗಬಲ್ಲವು. ಬೇರೆಬೇರೆ ಕಾರ್ಖಾನೆಗಳ ಅನಿಲವನ್ನು ಒಂದೇ ಪೈಪಿಗೆ ಬಿಡುವಾಗ ಇದು ದೊಡ್ಡ ತಲೆನೋವು.

ಪೈಪಿನಲ್ಲಿ ಒತ್ತಡ 100 ಬಾರ್‌ಗೂ ಮೇಲೆ. ಒಡೆದರೆ ಅನಿಲ ತಣ್ಣಗೆ ಬಿಳಿ ಮಂಜಾಗಿ ನುಗ್ಗುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ತೂಕವಿರುವುದರಿಂದ ಮೇಲೇರದೆ ತಗ್ಗಿನಲ್ಲಿ ಕೂರುತ್ತದೆ. ಅಮೆರಿಕದ ಮಿಸಿಸಿಪಿ ರಾಜ್ಯದ ಸಟಾರ್ಷಿಯಾ ಬಳಿ 2020ರ ಫೆಬ್ರುವರಿ 22ರಂದು ಹೀಗೇ ಆಯಿತು. ಮಳೆಯಿಂದ ನೆನೆದ ಗುಡ್ಡ ಜರುಗಿ ಪೈಪ್ ಮುರಿಯಿತು. ಸುಮಾರು 200 ಮಂದಿಯನ್ನು ಸ್ಥಳಾಂತರಿಸಿದರು, 45 ಮಂದಿ ಆಸ್ಪತ್ರೆ ಸೇರಿದರು. ಯಾರೂ ಸಾಯಲಿಲ್ಲ. ಆದರೆ ಆಮ್ಲಜನಕ ಸಿಗದೆ ಕಾರಿನ ಇಂಜಿನ್‌ಗಳೇ ನಿಂತುಹೋದವು, ಓಡಿಹೋಗುವುದೂ ರಕ್ಷಣೆಗೆ ಬರುವುದೂ ಕಷ್ಟವಾಯಿತು. ಪೈಪ್ ಹಾದುಹೋಗುವ ಊರುಗಳಲ್ಲಿ ಉಸಿರಾಟದ ಉಪಕರಣ, ಪತ್ತೆಯಂತ್ರ, ತಗ್ಗುಪ್ರದೇಶದ ನಕ್ಷೆ ಇರಲೇಬೇಕು ಎನ್ನುವುದು ಈ ಘಟನೆಯ ನಂತರ ಎಲ್ಲರಿಗೂ ಅರ್ಥವಾಯಿತು.

ನೆಲದಾಳದಲ್ಲಿ ಇಡುವುದು

ನೆಲದಡಿಯ ಗುಹೆಯಲ್ಲಿ ಅನಿಲ ತುಂಬಿಡುತ್ತಾರೆ ಎಂದು ಹಲವರು ಅಂದುಕೊಂಡಿದ್ದಾರೆ. ಅಲ್ಲಿ ಗುಹೆಯೇನೂ ಇಲ್ಲ. ಮರಳುಗಲ್ಲಿನ ಕಣಗಳ ನಡುವಿನ ಸೂಕ್ಷ್ಮ ಸಂದುಗಳಲ್ಲಿ ಈಗಾಗಲೇ ಉಪ್ಪುನೀರು ತುಂಬಿರುತ್ತದೆ. ಅನಿಲ ಆ ನೀರನ್ನು ಅತ್ತಿತ್ತ ತಳ್ಳಿ ಜಾಗ ಮಾಡಿಕೊಳ್ಳುತ್ತದೆ. ಕನಿಷ್ಠ 800 ಮೀಟರ್ ಆಳ ಬೇಕು ಎನ್ನಲು ಭೌತಶಾಸ್ತ್ರದ ಕಾರಣ ಇದೆ. 31 ಡಿಗ್ರಿ ಶಾಖ, 74 ಬಾರ್ ಒತ್ತಡ ದಾಟಿದರೆ ಇಂಗಾಲದ ಡೈಆಕ್ಸೈಡ್ ದ್ರವದಷ್ಟು ಸಾಂದ್ರವಾಗಿ, ಅನಿಲದಷ್ಟು ಸಲೀಸಾಗಿ ಹರಿಯುವ ಸ್ಥಿತಿಗೆ ಬರುತ್ತದೆ. ನೆಲದ ಮೇಲೆ 550 ಘನ ಮೀಟರ್ ಜಾಗ ಹಿಡಿಯುವ ಒಂದು ಟನ್ ಅಲ್ಲಿ ಒಂದೂವರೆ ಘನ ಮೀಟರ್‌ನಲ್ಲಿ ಅಡಗುತ್ತದೆ.

ನೀರಿಗಿಂತ ಹಗುರವಾದ್ದರಿಂದ ಅದು ಮೇಲೇರಲು ನೋಡುತ್ತದೆ. ಮೇಲೆ ಅಭೇದ್ಯವಾದ ಜೇಡಿಶಿಲೆಯ ಪದರ ಇರಬೇಕು. ಏರುವ ದಾರಿಯಲ್ಲಿ ಒಂದಷ್ಟು ಸಂದುಗಳಲ್ಲೇ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ. ಒಂದಷ್ಟು ಉಪ್ಪುನೀರಿನಲ್ಲಿ ಕರಗುತ್ತದೆ, ಕರಗಿದ ನೀರು ತೂಕ ಹೆಚ್ಚಾಗಿ ಕೆಳಗಿಳಿಯುತ್ತದೆ. ಶತಮಾನಗಳ ಅವಧಿಯಲ್ಲಿ ಸ್ವಲ್ಪ ಭಾಗ ಖನಿಜವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಸೋರುವ ಅಪಾಯ ಹೆಚ್ಚಿರುವುದು ಒತ್ತುವಾಗ ಮತ್ತು ನಿಲ್ಲಿಸಿದ ನಂತರದ ಮೊದಲ ಕೆಲವು ದಶಕಗಳಲ್ಲಿ; ಕಾಲ ಕಳೆದಂತೆ ಅದು ಇಳಿಯುತ್ತದೆ.

ಉತ್ತರ ಸಮುದ್ರದಲ್ಲಿ ನಾರ್ವೆಗೆ ಸೇರಿದ ಅನಿಲ ಕ್ಷೇತ್ರ ಸ್ಲೈಪ್ನರ್‌ನಲ್ಲಿ 1996ರಿಂದ ವರ್ಷಕ್ಕೆ 10 ಲಕ್ಷ ಟನ್ ಆಸುಪಾಸು ಹೀಗೆ ಇಳಿಸಿದ್ದಾರೆ. ಅಲ್ಲಿ ಸಿಗುವ ನೈಸರ್ಗಿಕ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಶೇ 9ರವರೆಗೆ ಇತ್ತು, ಮಾರಲು ಶೇ 2.5ಕ್ಕೆ ಇಳಿಸಲೇಬೇಕಿತ್ತು. ತೆಗೆದದ್ದನ್ನು ಗಾಳಿಗೆ ಬಿಟ್ಟರೆ 1991ರಲ್ಲಿ ಬಂದ ಇಂಗಾಲ ತೆರಿಗೆ ಕಟ್ಟಬೇಕು. ಹೂಳುವುದೇ ಅಗ್ಗವಾಯಿತು. ಉಟ್ಸಿರಾ ಎಂಬ ಆ ಮರಳುಗಲ್ಲು ಅಷ್ಟು ವಿಶಾಲ, ಅಷ್ಟು ಸಡಿಲ, ಒತ್ತಡ ಏರಲೇ ಇಲ್ಲ. ಕಂಪನ ಅಲೆಗಳ ಚಿತ್ರದಲ್ಲಿ ಅನಿಲ ಹರಡುವುದನ್ನು ಕೆಲವು ವರ್ಷಗಳಿಗೊಮ್ಮೆ ನೋಡುತ್ತ ಬಂದಿದ್ದಾರೆ.

ಎಲ್ಲ ಕಲ್ಲೂ ಉಟ್ಸಿರಾ ಅಲ್ಲ. ಅದೇ ನಾರ್ವೆಯ ಸ್ನೋವಿಟ್‌ನಲ್ಲಿ 2008ರಲ್ಲಿ ಶುರು ಮಾಡಿದಾಗ ಒತ್ತಡ ನಿರೀಕ್ಷೆಗಿಂತ ಬೇಗ ಏರಿತು, 2011ರಲ್ಲಿ ಬೇರೆ ಪದರಕ್ಕೆ ಬದಲಾಯಿಸಬೇಕಾಯಿತು. ಅಲ್ಜೀರಿಯಾದ ಇನ್ ಸಲಾದಲ್ಲಿ ಮರಳುಗಲ್ಲು ಬರೀ 20 ಮೀಟರ್ ದಪ್ಪ. 2004ರಿಂದ 38 ಲಕ್ಷ ಟನ್ ಇಳಿಸುವ ಹೊತ್ತಿಗೆ ಮರುಭೂಮಿಯ ನೆಲವೇ ವರ್ಷಕ್ಕೆ ಕೆಲವು ಮಿಲಿಮೀಟರ್ ಉಬ್ಬುತ್ತಿರುವುದು ಉಪಗ್ರಹದಿಂದ ಕಂಡಿತು. ಮೇಲಿನ ಪದರದ ಬಿರುಕುಗಳ ಅನುಮಾನ ಬಂದು 2011ರಲ್ಲಿ ನಿಲ್ಲಿಸಿದರು. ಆಸ್ಟ್ರೇಲಿಯಾದ ಗೋರ್ಗನ್‌ನಲ್ಲಿ ಒತ್ತಡ ತಗ್ಗಿಸಲೆಂದೇ ಉಪ್ಪುನೀರು ಹೊರತೆಗೆಯುವ ಬಾವಿಗಳನ್ನು ಕೊರೆದಿದ್ದರು. ಆ ವ್ಯವಸ್ಥೆಯಲ್ಲಿ ಮರಳು ತುಂಬಿಕೊಂಡಿತು. ನೀರು ತೆಗೆಯಲಾಗದಿದ್ದರೆ ಅನಿಲ ಇಳಿಸಲೂ ಆಗದು. 2019ರಲ್ಲಿ ಶುರುವಾದ, ವರ್ಷಕ್ಕೆ 40 ಲಕ್ಷ ಟನ್ ಸಾಮರ್ಥ್ಯದ್ದೆಂದು ಹೇಳಿದ ಆ ಯೋಜನೆ 2023ರ ಸುಮಾರಿಗೆ ಅದರ ಅರ್ಧಕ್ಕೂ ಕಡಿಮೆ ಇಳಿಸುತ್ತಿತ್ತು. ಕಲ್ಲಿನಲ್ಲಿ ಎಷ್ಟು ಜಾಗ ಇದೆ ಎನ್ನುವುದಕ್ಕಿಂತ, ಒತ್ತಡ ಏರದಂತೆ ವರ್ಷಕ್ಕೆ ಎಷ್ಟು ಇಳಿಸಬಹುದು ಎನ್ನುವುದೇ ನಿಜವಾದ ಮಿತಿ.

ಸೋರುವುದಾದರೆ ಹೆಚ್ಚಾಗಿ ಸೋರುವುದು ಮನುಷ್ಯ ಕೊರೆದ ತೂತಿನಿಂದ. ಅಮೆರಿಕದ ಇಲಿನಾಯ್ಸ್ ರಾಜ್ಯದ ಡಿಕೇಟರ್‌ನಲ್ಲಿ ಎಥೆನಾಲ್ ಕಾರ್ಖಾನೆಯ ಅನಿಲವನ್ನು ಆಳದ ಮರಳುಗಲ್ಲಿಗೆ ಇಳಿಸುತ್ತಿದ್ದರು. ಅಲ್ಲಿ ಕೈಕೊಟ್ಟದ್ದು ಕಾವಲಿಗೆಂದು ಕೊರೆದ ಬಾವಿಯೇ. ಅದರ ಉಕ್ಕು ತುಕ್ಕು ಹಿಡಿದು, ಹೋಗಬಾರದ ಪದರಕ್ಕೆ ಅನಿಲ, ಉಪ್ಪುನೀರು ಹರಿಯಿತು. 2024ರಲ್ಲಿ ಇದು ಬಯಲಾಗಿ ಇಳಿಸುವುದನ್ನು ಕೆಲಕಾಲ ನಿಲ್ಲಿಸಿದರು. ಹಳೆಯ ತೈಲ ಬಾವಿಗಳು ಎಲ್ಲೆಂದರಲ್ಲಿ ಇರುವ ಜಾಗದಲ್ಲಿ, ಅವುಗಳನ್ನು ಒಂದೊಂದಾಗಿ ಹುಡುಕಿ ಆಮ್ಲ ತಡೆಯುವ ಸಿಮೆಂಟಿನಿಂದ ಮುಚ್ಚುವುದೇ ದೊಡ್ಡ ಕೆಲಸ.

ಬಳಸಿದರೆ ಮುಗಿಯಿತೇ?

ಇಂಗಾಲದ ಡೈಆಕ್ಸೈಡ್ ಕೊಂಡು ಬಳಸುವವರು ಈಗಲೂ ಇದ್ದಾರೆ. ಅವರಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ ಯೂರಿಯಾ. ಒಂದು ಟನ್ ಯೂರಿಯಾಕ್ಕೆ 730 ಕಿಲೋ ಹೋಗುತ್ತದೆ. ಮಂಗಳೂರಿನ ಪಣಂಬೂರಿನಲ್ಲಿ ದಶಕಗಳಿಂದ ನಡೆಯುವುದು ಇದೇ ರಸಾಯನ ಕ್ರಿಯೆ. ಆದರೆ ಯೂರಿಯಾ ಗದ್ದೆಗೆ ಬಿದ್ದು ನೀರು ಕಂಡ ಕೆಲವೇ ದಿನಗಳಲ್ಲಿ ಒಡೆದು ಅಷ್ಟೂ ಇಂಗಾಲದ ಡೈಆಕ್ಸೈಡ್ ವಾಪಸ್ ಹೋಗುತ್ತದೆ. ಸೋಡಾ ಬಾಟಲಿಯದ್ದು ಮುಚ್ಚಳ ತೆಗೆಯುವವರೆಗೆ. ತಮಿಳುನಾಡಿನ ತೂತ್ತುಕುಡಿಯಲ್ಲಿ 2016ರಿಂದ ಕಲ್ಲಿದ್ದಲು ಬಾಯ್ಲರ್‌ನ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿದು ಸೋಡಾ ಆ್ಯಶ್ ಮಾಡುವ ಯೋಜನೆ ಸರ್ಕಾರಿ ಸಬ್ಸಿಡಿ ಇಲ್ಲದೆ ಬಂತೆಂದು ಹೆಸರಾಯಿತು. ಒಳ್ಳೆಯ ಇಂಜಿನಿಯರಿಂಗ್, ನಿಜ. ಆ ಸೋಡಾ ಆ್ಯಶ್ ಗಾಜಿನ ಕುಲುಮೆಗೆ ಹೋದರೆ ಮಾತ್ರ ಕರಗುವಾಗ ಇಂಗಾಲದ ಡೈಆಕ್ಸೈಡನ್ನು ಮತ್ತೆ ಬಿಡುತ್ತದೆ.

ಮೆಥನಾಲ್ ಬಗ್ಗೆ ನಮ್ಮಲ್ಲಿ ಉತ್ಸಾಹ ಹೆಚ್ಚು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದರ ವೇಗವರ್ಧಕಗಳ ಮೇಲೆ ಒಳ್ಳೆಯ ಕೆಲಸ ನಡೆದಿದೆ. 2022ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಗುರುತಿಸಿದ ಎರಡು ರಾಷ್ಟ್ರೀಯ ಕೇಂದ್ರಗಳಲ್ಲಿ ಒಂದು ಇದು, ಇನ್ನೊಂದು ಐಐಟಿ ಬಾಂಬೆ. ಆದರೆ ಲೆಕ್ಕ ಹೀಗಿದೆ: ಒಂದು ಟನ್ ಮೆಥನಾಲ್‌ಗೆ ಸುಮಾರು 1.4 ಟನ್ ಇಂಗಾಲದ ಡೈಆಕ್ಸೈಡ್, 190 ಕಿಲೋ ಹೈಡ್ರೋಜನ್ ಬೇಕು. ನೀರು ಒಡೆದು ಒಂದು ಕಿಲೋ ಹೈಡ್ರೋಜನ್ ಪಡೆಯಲು 50 ಯೂನಿಟ್ಟಿಗೂ ಹೆಚ್ಚು. ಹೈಡ್ರೋಜನ್‌ಗೇ ಹತ್ತಿರ ಹತ್ತಿರ 10,000 ಯೂನಿಟ್ ವಿದ್ಯುತ್ ಬಿತ್ತು. ಅದು ಹಸಿರು ವಿದ್ಯುತ್ ಆಗಿರದಿದ್ದರೆ ಹಿಡಿದದ್ದಕ್ಕಿಂತ ಹಲವು ಪಟ್ಟು ಹೊಗೆ ಬೇರೆಡೆ ಎದ್ದಿರುತ್ತದೆ.

ಹಿಡಿದ ಅನಿಲವನ್ನು ಹಳೆಯ ತೈಲ ಬಾವಿಗೆ ಒತ್ತಿ ಉಳಿದ ತೈಲ ಹಿಂಡುವುದು ಇನ್ನೊಂದು ಬಳಕೆ. ಬೌಂಡರಿ ಡ್ಯಾಮ್, ಪೆಟ್ರಾ ನೋವಾ ಎರಡಕ್ಕೂ ಆದಾಯ ಇದೇ. ಅನಿಲದ ಬಹುಪಾಲು ಕೆಳಗೇ ಉಳಿಯುತ್ತದೆ. ಆದರೆ ಒಂದು ಟನ್ ಇಳಿಸಿದರೆ ಎರಡು ಮೂರು ಬ್ಯಾರೆಲ್ ತೈಲ ಬರುತ್ತದೆ, ಒಂದು ಬ್ಯಾರೆಲ್ ಉರಿದರೆ 430 ಕಿಲೋ ಹೊಗೆ. ಗುಣಿಸಿ ನೋಡಿಕೊಳ್ಳಿ. 2020ರಲ್ಲಿ ತೈಲದ ಬೆಲೆ ಬಿದ್ದಾಗ ಪೆಟ್ರಾ ನೋವಾ ಬಾಗಿಲು ಹಾಕಿ, 2023ರವರೆಗೆ ಮುಚ್ಚಿಯೇ ಇತ್ತು. ಬಳಕೆಯಲ್ಲಿ ನಿಜಕ್ಕೂ ಕಾಯಂ ಆಗಿ ಉಳಿಯುವುದು ಕಾಂಕ್ರೀಟಿನಲ್ಲೋ ಉಕ್ಕಿನ ಕಾರ್ಖಾನೆಯ ಕಿಟ್ಟದಲ್ಲೋ ಕಾರ್ಬೊನೇಟ್ ಆಗಿ ಗಟ್ಟಿಯಾದದ್ದು. ಅದರ ಪ್ರಮಾಣ ಸದ್ಯಕ್ಕೆ ಸಣ್ಣದು.

ಗಾಳಿಯಿಂದಲೇ ಹೀರಿದರೆ?

ಒಂದು ಟನ್ ಪಡೆಯಲು ಕನಿಷ್ಠ 13 ಲಕ್ಷ ಘನ ಮೀಟರ್ ಗಾಳಿಯನ್ನು ಫ್ಯಾನ್ ಮೂಲಕ ಹಾಯಿಸಬೇಕು, ಅದೂ ಒಂದು ಅಣುವೂ ತಪ್ಪದಂತೆ ಹಿಡಿದರೆ. ಐಸ್‌ಲ್ಯಾಂಡ್‌ನಲ್ಲಿ 2024ರಲ್ಲಿ ಶುರುವಾದ ಮ್ಯಾಮತ್ ಘಟಕದ ಘೋಷಿತ ಸಾಮರ್ಥ್ಯ ವರ್ಷಕ್ಕೆ 36,000 ಟನ್. ಮೇಲೆ ಲೆಕ್ಕ ಹಾಕಿದ 210 ಮೆಗಾವ್ಯಾಟ್ ಘಟಕ ಅಷ್ಟನ್ನು ಏಳೂವರೆ ದಿನದಲ್ಲಿ ಬಿಡುತ್ತದೆ. ಬೇರೆಲ್ಲ ಮುಗಿದ ಮೇಲೆ ಉಳಿದದ್ದನ್ನು ಗುಡಿಸಲು ಇದು ಬೇಕಾದೀತು, ಈಗಿನ ಹೊಗೆಗೆ ಪರಿಹಾರವಲ್ಲ.

ಅಲ್ಲಿ ನೋಡಬೇಕಾದದ್ದು ಹೀರುವುದಕ್ಕಿಂತ ಹೂಳುವ ವಿಧಾನ. ಕಾರ್ಬ್‌ಫಿಕ್ಸ್ ಎಂಬ ಯೋಜನೆ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯೊಳಗೆ ಬಿಡುತ್ತದೆ. ಶಿಲೆಯ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಅದರೊಂದಿಗೆ ಸೇರಿ ಕಲ್ಲಾಗುತ್ತವೆ. 2012ರಲ್ಲಿ ಇಳಿಸಿದ್ದರ ಶೇ 95 ಎರಡೇ ವರ್ಷದೊಳಗೆ ಖನಿಜವಾಗಿತ್ತು ಎಂದು 2016ರಲ್ಲಿ ಪ್ರಕಟಿಸಿದರು. ಬೆಲೆ ಏನೆಂದರೆ ನೀರು: ಟನ್ ಅನಿಲಕ್ಕೆ ಇಪ್ಪತ್ತೈದು ಟನ್ ಆಸುಪಾಸು.

ನಮ್ಮ ನೆಲದಲ್ಲಿ

ಬಸಾಲ್ಟ್ ಎಂದೊಡನೆ ದಖ್ಖನ್ ನೆನಪಾಗುತ್ತದೆ. ಮಹಾರಾಷ್ಟ್ರವನ್ನೆಲ್ಲ ಹಾಸಿಕೊಂಡು ಬೆಳಗಾವಿ, ವಿಜಯಪುರ, ಬೀದರ್, ಕಲಬುರಗಿಯವರೆಗೆ ಬಂದಿರುವ ಈ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷ ಹಳೆಯದು. ಐಸ್‌ಲ್ಯಾಂಡ್‌ನ ಎಳೆಯ ಕಲ್ಲಿನಲ್ಲಿರುವಷ್ಟು ತೆರೆದ ಸಂದುಗಳು ಇದರಲ್ಲಿಲ್ಲ. ಹಲವು ಕಡೆ ಅವು ಹಳೆಯ ಖನಿಜಗಳಿಂದ ಮುಚ್ಚಿಹೋಗಿವೆ. ಪಶ್ಚಿಮ ಘಟ್ಟದ ಕಡೆ ಸಾವಿರ ಮೀಟರ್ ದಾಟುವ ದಪ್ಪ ಕರ್ನಾಟಕದ ಅಂಚಿಗೆ ಬರುವಾಗ ತೆಳುವಾಗುತ್ತದೆ. ವಿಜಯಪುರದಂಥ ಕಡೆ ಟನ್ನಿಗೆ ಇಪ್ಪತ್ತೈದು ಟನ್ ನೀರು ಎಲ್ಲಿಂದ ತರುವುದು ಎನ್ನುವುದು ಬೇರೆ ಮಾತು. ಒತ್ತಡದ ಮಾತು ಬಂದರೆ 1967ರ ಕೊಯ್ನಾ ಭೂಕಂಪವನ್ನೂ ಮರೆಯುವಂತಿಲ್ಲ. ದಖ್ಖನ್‌ನ ಆ ಭಾಗದಲ್ಲಿ ಜಲಾಶಯದ ಭಾರವೇ ಭೂಕಂಪನಕ್ಕೆ ಎಡೆಮಾಡಿದೆ. ರಾಜ್ಯದ ಉಳಿದ ಭಾಗ ಬಹುಪಾಲು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಕಲ್ಲು. ಅನಿಲ ಹಿಡಿಯುವ ಸಂದುಗಳೇ ಇಲ್ಲದ ಶಿಲೆ. ಸೂಕ್ತ ಮರಳುಗಲ್ಲು ಹುಡುಕುವುದಾದರೆ ಕೃಷ್ಣಾ-ಗೋದಾವರಿ ಕೊಳ್ಳ, ಕಾವೇರಿ ಮುಖಜ ಭಾಗ, ಮುಂಬೈ ಕಡಲಿನ ತೈಲಕ್ಷೇತ್ರಗಳ ಕಡೆಗೆ ಪೈಪ್ ಎಳೆಯಬೇಕು.

ತೋರಣಗಲ್ಲಿನಂಥ ಉಕ್ಕಿನ ಸ್ಥಾವರದಲ್ಲಿ ಇನ್ನೊಂದು ತೊಡಕು: ಚಿಮಣಿ ಒಂದಲ್ಲ. ಕೋಕ್ ಓವನ್, ಸಿಂಟರ್ ಘಟಕ, ಬ್ಲಾಸ್ಟ್ ಫರ್ನೇಸ್‌ನ ಸ್ಟವ್‌ಗಳು, ಅದೇ ಅನಿಲ ಉರಿಸುವ ವಿದ್ಯುತ್ ಘಟಕ, ಒಂದೊಂದರದ್ದು ಒಂದೊಂದು ಸಾಂದ್ರತೆ, ಒಂದೊಂದು ಕೊಳೆ. ಜಮ್ಷೆಡ್‌ಪುರದಲ್ಲಿ 2021ರಲ್ಲಿ ಬ್ಲಾಸ್ಟ್ ಫರ್ನೇಸ್ ಅನಿಲದಿಂದ ಹಿಡಿಯಲು ಶುರು ಮಾಡಿದ್ದು ದಿನಕ್ಕೆ 5 ಟನ್. ನೀತಿ ಆಯೋಗದ 2022ರ ವರದಿ 2050ರ ಹೊತ್ತಿಗೆ ವರ್ಷಕ್ಕೆ 75 ಕೋಟಿ ಟನ್ ಎನ್ನುತ್ತದೆ. ಇವತ್ತು ಇಡೀ ಜಗತ್ತಿನ ಕ್ಯಾಪ್ಚರ್ ಸಾಮರ್ಥ್ಯ 5 ಕೋಟಿ ಟನ್ ಆಸುಪಾಸು. ಜಗತ್ತು ಬಿಡುವುದು 3,700 ಕೋಟಿ ಟನ್ನಿಗೂ ಹೆಚ್ಚು.

ಹೂಳುವುದಕ್ಕೆ ಯಾರು ದುಡ್ಡು ಕೊಡುತ್ತಾರೆ ಎನ್ನುವ ಪ್ರಶ್ನೆಗೆ ನಾರ್ವೆಯಲ್ಲಿ ತೆರಿಗೆ ಉತ್ತರ, ಅಮೆರಿಕದಲ್ಲಿ ಟನ್ನಿಗೆ 85 ಡಾಲರ್ ತೆರಿಗೆ ರಿಯಾಯಿತಿ ಉತ್ತರ. ಭಾರತದಲ್ಲಿ 2023ರಲ್ಲಿ ಅಧಿಸೂಚನೆಯಾದ ಇಂಗಾಲ ಕ್ರೆಡಿಟ್ ವ್ಯಾಪಾರ ವ್ಯವಸ್ಥೆ ಆ ದಿಕ್ಕಿನ ಮೊದಲ ಹೆಜ್ಜೆ. ಮುಚ್ಚಿದ ಬಾವಿಯನ್ನು ಕಂಪನಿ ಹೋದ ಮೇಲೆ ಯಾರು ಕಾಯಬೇಕು ಎನ್ನುವುದನ್ನೂ ಕಾನೂನೇ ಹೇಳಬೇಕು.

ಕಲಬುರಗಿ ಜಿಲ್ಲೆಯ ಸಿಮೆಂಟ್ ಸಾಲಿಗೆ ಕ್ಯಾಪ್ಚರ್ ಬರುವುದಾದರೆ ಅದಕ್ಕೂ ಮೊದಲು ಮಾಡಿ ಮುಗಿಸಬಹುದಾದ ಕೆಲಸ ಒಂದಿದೆ. ಇಂಗಾಲದ ಡೈಆಕ್ಸೈಡ್ ಬರುವುದು, ಕಿಲ್ನ್‌ನಲ್ಲಿ ಸುಟ್ಟು ಸಿಮೆಂಟಿಗಾಗಿ ಪುಡಿಮಾಡುವ ಗಟ್ಟಿ ಉಂಡೆಗಳಾದ ಕ್ಲಿಂಕರ್‌ನಿಂದ. ಸಿಮೆಂಟಿನಲ್ಲಿ ಕ್ಲಿಂಕರ್ ಪಾಲು ಇಳಿಸಿದಷ್ಟೂ ಹೊಗೆ ಇಳಿಯುತ್ತದೆ. ಸುಟ್ಟ ಜೇಡಿ ಮತ್ತು ಹಸಿ ಸುಣ್ಣದಕಲ್ಲಿನ ಪುಡಿ ಬೆರೆಸಿ ಕ್ಲಿಂಕರನ್ನು ಅರ್ಧದಷ್ಟಕ್ಕೆ ತರುವ ಎಲ್‌ಸಿ3 ಸಿಮೆಂಟ್‌ಗೆ 2023ರಲ್ಲಿ ಭಾರತೀಯ ಮಾನಕವೂ ಬಂದಿದೆ. ಜೇಡಿ ಸುಡಲು ಸಾಲುವುದು 800 ಡಿಗ್ರಿ ಆಸುಪಾಸು, ಕ್ಲಿಂಕರ್‌ಗೆ ಬೇಕಾದ 1,450 ಅಲ್ಲ. ಸಾಮಾನ್ಯ ಸಿಮೆಂಟಿಗೆ ಹೋಲಿಸಿದರೆ ಶೇ 30ರಿಂದ 40ರಷ್ಟು ಹೊಗೆ ಗೋಪುರ, ಅಮೈನ್, ಪೈಪ್, ಬಾವಿ ಯಾವುದೂ ಇಲ್ಲದೆ ಕಡಿಮೆಯಾಗುತ್ತದೆ. ಅದಾದ ಮೇಲೂ ಕಿಲ್ನ್‌ನಿಂದ ಬರುವ ಪಾಲಿಗೆ, ಅಲ್ಲೇ ಪೋಲಾಗುವ ಶಾಖ ಎಷ್ಟಕ್ಕೆ ಸಾಕಾಗುತ್ತದೋ ಅಷ್ಟು ದೊಡ್ಡ ಅಬ್ಸಾರ್ಬರ್ ಬೇಕಾಗುತ್ತದೆ.